ನೀವು ಫಾರ್ವರ್ಡ್ ಮಾಡುವ ಫೋಟೋದೊಳಗೆ ಬೆಂಗಳೂರಿನವರೊಬ್ಬರ ಗಣಿತ ಇದೆಯೇ?

“ಜೆಪೆಗ್ ಫೋಟೋ ಕಂಡುಹಿಡಿದವರು ನಮ್ಮ ಬೆಂಗಳೂರಿನವರು.” “ಫಾರ್ವರ್ಡ್ ಮಾಡಿದಷ್ಟೂ ಫೋಟೋ ಮಸುಕಾಗುತ್ತೆ.” “ಮಸುಕಾದ ಫೋಟೋವನ್ನು ಎಐ ಆ್ಯಪ್‌ಗೆ ಹಾಕಿದರೆ ಒಳಗಿರುವ ನಿಜವಾದ ಅಕ್ಷರ ಕಾಣುತ್ತೆ.”

ಮೊಬೈಲ್ ಫೋಟೋಗಳ ಬಗ್ಗೆ ಕೇಳಿಬರುವ ಮಾತುಗಳಲ್ಲಿ ಈ ಮೂರನ್ನು ನೀವೂ ಕೇಳಿರಬಹುದು. ಮೊದಲನೆಯದು ಅರ್ಧ ನಿಜ. ಎರಡನೆಯದರಲ್ಲಿ ಸ್ವಲ್ಪ ಗೊಂದಲವಿದೆ. ಮೂರನೆಯದು ತಪ್ಪು, ಕೆಲವು ಸಂದರ್ಭಗಳಲ್ಲಿ ಅಪಾಯಕಾರಿ ಕೂಡ.

ಮೂರಕ್ಕೂ ಉತ್ತರ ಸಿಗುವುದು ಒಂದೇ ಕಡೆ. 1974ರ ಜನವರಿಯಲ್ಲಿ ಪ್ರಕಟವಾದ, ನಾಲ್ಕೇ ಪುಟಗಳ ಒಂದು ಸಂಶೋಧನಾ ಬರಹದಲ್ಲಿ. ಅದರ ಮೊದಲ ಲೇಖಕರ ಹೆಸರು ನಾಸಿರ್ ಅಹ್ಮದ್. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ.

ಮೊದಲು ಒಂದು ಲೆಕ್ಕ

ನಿಮ್ಮ ಫೋನಿನ ಕ್ಯಾಮೆರಾ 12 ಮೆಗಾಪಿಕ್ಸೆಲ್‌ನದು ಎಂದುಕೊಳ್ಳಿ. ಅಂದರೆ ಒಂದು ಫೋಟೋದಲ್ಲಿ ಸುಮಾರು 1.2 ಕೋಟಿ ಚುಕ್ಕೆಗಳು. ಪ್ರತಿ ಚುಕ್ಕೆಯ ಬಣ್ಣ ಹೇಳಲು ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ ಬೇಕು. ಎಲ್ಲವನ್ನೂ ಇದ್ದಂತೆಯೇ ಬರೆದಿಟ್ಟರೆ ಒಂದೇ ಫೋಟೋ ಸುಮಾರು 36 ಎಂಬಿ ಆಗುತ್ತದೆ. ಆದರೆ ನಿಮ್ಮ ಗ್ಯಾಲರಿಯಲ್ಲಿ ಅದೇ ಫೋಟೋ ಮೂರೋ ನಾಲ್ಕೋ ಎಂಬಿ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮೇಲೆ ಅದು ಕೆಲವು ನೂರು ಕೆಬಿಗೆ ಇಳಿಯುತ್ತದೆ.

ಹಾಗಾದರೆ ಉಳಿದದ್ದು ಎಲ್ಲಿಗೆ ಹೋಯಿತು? ಇಷ್ಟೆಲ್ಲ ಬಿಟ್ಟರೂ ನಮ್ಮ ಕಣ್ಣಿಗೆ ಏಕೆ ಗೊತ್ತಾಗುವುದಿಲ್ಲ? ಇದಕ್ಕೆ ಉತ್ತರ ಕೊಡುವ ಗಣಿತದ ಶಾಖೆಯ ಹೆಸರು ಹಾರ್ಮೋನಿಕ್ ಅನಾಲಿಸಿಸ್. ಹೆಸರು ಕೇಳಿ ಗಾಬರಿಯಾಗಬೇಡಿ. ಇದರ ಮೂಲ ವಿಚಾರ ಹಾಡು ಕೇಳುವವರಿಗೆಲ್ಲ ಗೊತ್ತಿರುವಂಥದ್ದೇ.

ಒಂದು ತಂತಿಯಲ್ಲಿ ಎಷ್ಟು ಸ್ವರ?

ಪಂಡಿತ್ ಭೀಮಸೇನ ಜೋಶಿ ಅವರು ಹುಟ್ಟಿದ್ದು ಇಂದಿನ ಗದಗ ಜಿಲ್ಲೆಯ ರೋಣದಲ್ಲಿ, 1922ರಲ್ಲಿ. ಅವರ ಹಾಡಿನ ಹಿಂದೆ ನಿರಂತರವಾಗಿ ಕೇಳಿಸುವ ತಂಬೂರಿಯನ್ನು ನೆನಪಿಸಿಕೊಳ್ಳಿ. ಒಂದು ತಂತಿ ಮೀಟಿದರೆ ಹೊರಡುವುದು ಒಂದೇ ಸ್ವರ ಎಂದು ನಮಗೆ ಅನ್ನಿಸುತ್ತದೆ. ನಿಜಕ್ಕೂ ಅಲ್ಲಿ ಹಲವು ಕಂಪನಗಳು ಒಟ್ಟಿಗಿರುತ್ತವೆ. ತಂತಿಯ ಮೂಲ ಕಂಪನ ಸೆಕೆಂಡಿಗೆ 130 ಎಂದಾದರೆ ಅದರ ಜೊತೆಗೆ 260, 390, 520 ಹೀಗೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಕಂಪನಗಳೂ ಇರುತ್ತವೆ. ಯಾವುದು ಎಷ್ಟು ಜೋರಾಗಿದೆ ಎಂಬುದರಿಂದಲೇ ಇದು ತಂಬೂರಿ, ಇದು ಹಾರ್ಮೋನಿಯಂ ಎಂದು ಕಿವಿ ಗುರುತಿಸುತ್ತದೆ.

ಎಷ್ಟೇ ಗೋಜಲಾದ ಅಲೆಯಿದ್ದರೂ ಅದನ್ನು ಇಂಥ ಸರಳ ಅಲೆಗಳ ಮೊತ್ತವಾಗಿ ಬಿಡಿಸಿಡಬಹುದು ಎಂಬ ವಿಚಾರವನ್ನು ಫ್ರಾನ್ಸಿನ ಜೋಸೆಫ್ ಫೂರಿಯೆ 1822ರಲ್ಲಿ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಮಂಡಿಸಿದರು. ಅವರು ಓದುತ್ತಿದ್ದುದು ಸಂಗೀತವನ್ನಲ್ಲ, ವಸ್ತುಗಳಲ್ಲಿ ಶಾಖ ಹೇಗೆ ಹರಡುತ್ತದೆ ಎಂಬುದನ್ನು. ಆದರೆ ಆ ವಿಧಾನ ಶಾಖಕ್ಕೂ, ಧ್ವನಿಗೂ, ಬೆಳಕಿಗೂ ಒಪ್ಪುತ್ತದೆ. ಬಿಡಿಸಿಟ್ಟ ಮೇಲೆ ಒಂದು ಅನುಕೂಲವಿದೆ. ಯಾವ ಅಲೆ ದೊಡ್ಡದು, ಯಾವುದು ಲೆಕ್ಕಕ್ಕಿಲ್ಲದಷ್ಟು ಚಿಕ್ಕದು ಎಂದು ಕಾಣುತ್ತದೆ. ಚಿಕ್ಕದನ್ನು ಬಿಟ್ಟುಬಿಡಬಹುದು.

ಫೋಟೋಗೂ ಇದನ್ನೇ ಮಾಡಬಹುದಲ್ಲ? ಮಾಡಬಹುದು. ಆದರೆ ಯಾವ ಅಲೆಗಳನ್ನು ಆಯ್ದುಕೊಂಡರೆ ಅತಿ ಕಡಿಮೆ ಸಂಖ್ಯೆಗಳಲ್ಲಿ ಕೆಲಸ ಮುಗಿಯುತ್ತದೆ ಎಂಬುದೇ ಪ್ರಶ್ನೆಯಾಗಿತ್ತು.

ಬೆಂಗಳೂರಿನಿಂದ ಕ್ಯಾನ್ಸಸ್‌ಗೆ

ನಾಸಿರ್ ಅಹ್ಮದ್ 1940ರಲ್ಲಿ ಹುಟ್ಟಿದರು. ಶಾಲೆ ಬೆಂಗಳೂರಿನ ಬಿಷಪ್ ಕಾಟನ್. ಇಂದು ಯುವಿಸಿಇ ಎಂದು ನಾವು ಕರೆಯುವ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ. ಬಳಿಕ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಸ್ನಾತಕೋತ್ತರ ಪದವಿ, 1966ರಲ್ಲಿ ಪಿಎಚ್‌.ಡಿ. ಎರಡು ವರ್ಷ ಹನಿವೆಲ್ ಕಂಪನಿಯಲ್ಲಿ ಕೆಲಸ ಮಾಡಿ, 1968ರಲ್ಲಿ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಗಮನಿಸಿ, ಅವರು ಗಣಿತ ವಿಭಾಗದವರಲ್ಲ, ಎಂಜಿನಿಯರಿಂಗ್ ವಿಭಾಗದವರು. ಆದರೆ ಕೈಗೆತ್ತಿಕೊಂಡ ಸಮಸ್ಯೆ ಅಪ್ಪಟ ಗಣಿತದ್ದು.

ಆಗ ಚಿತ್ರಗಳನ್ನು ಕುಗ್ಗಿಸಲು ಕಾಗದದ ಮೇಲೆ ಅತ್ಯುತ್ತಮ ಎನ್ನಿಸಿಕೊಂಡ ಒಂದು ವಿಧಾನವಿತ್ತು, ಕಾರ್ಹುನೆನ್–ಲೋಯೆವ್ ರೂಪಾಂತರ. ಅದರ ತೊಂದರೆ ಏನೆಂದರೆ, ಪ್ರತಿ ಬಗೆಯ ಚಿತ್ರಕ್ಕೂ ಅಲೆಗಳನ್ನು ಹೊಸದಾಗಿ ಲೆಕ್ಕ ಹಾಕಿ ತೆಗೆಯಬೇಕು. ಒಬ್ಬೊಬ್ಬರ ಅಳತೆ ತೆಗೆದು ಅಂಗಿ ಹೊಲಿಸಿದ ಹಾಗೆ. ಅಂಗಿ ಚೆನ್ನಾಗಿ ಕೂರುತ್ತದೆ, ಆದರೆ ಊರಿಗೆಲ್ಲ ಹೊಲಿಯಲು ಆಗುವುದಿಲ್ಲ. ಅಹ್ಮದ್ ಹುಡುಕುತ್ತಿದ್ದದ್ದು ಹೆಚ್ಚುಕಡಿಮೆ ಎಲ್ಲರಿಗೂ ಸರಿಹೊಂದುವ ಒಂದು ಸಿದ್ಧ ಅಂಗಿ. ಹೈಸ್ಕೂಲಿನಲ್ಲಿ ನಾವೆಲ್ಲ ಓದಿದ ಕೊಸೈನ್ ಅಲೆಗಳಿಂದಲೇ ಅದನ್ನು ಮಾಡಬಹುದು ಎಂದು ಅವರಿಗೆ ಅನ್ನಿಸಿತು.

1972ರಲ್ಲಿ ಈ ಯೋಚನೆಗೆ ಅನುದಾನ ಕೋರಿ ಅವರು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಪ್ರಸ್ತಾವ ಕಳಿಸಿದರು. ಅನುದಾನ ಸಿಗಲಿಲ್ಲ. ಯೋಚನೆ ತೀರಾ ಸರಳವಾಯಿತು ಎಂಬ ಅರ್ಥದ ಮಾತನ್ನು ಪರಿಶೀಲಕರೊಬ್ಬರು ಬರೆದಿದ್ದರು ಎಂದು ಅಹ್ಮದ್ ಅವರೇ 1991ರ ಲೇಖನವೊಂದರಲ್ಲಿ ನೆನಪಿಸಿಕೊಂಡಿದ್ದಾರೆ.

ಅವರು ಕೈಬಿಡಲಿಲ್ಲ. ತಮ್ಮ ಪಿಎಚ್‌.ಡಿ. ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯದ ಆರ್ಲಿಂಗ್ಟನ್ ಶಾಖೆಯಲ್ಲಿದ್ದ ಗೆಳೆಯ ಕೆ.ಆರ್. ರಾವ್ ಅವರ ಜೊತೆ ಕೆಲಸ ಮುಂದುವರಿಸಿದರು. ಮೂವರ ಹೆಸರಿನಲ್ಲಿ 1974ರಲ್ಲಿ ಪ್ರಕಟವಾದದ್ದೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಅಳತೆಯಂಗಿಗೆ ಈ ಸಿದ್ಧ ಅಂಗಿ ತೀರಾ ಹತ್ತಿರದಲ್ಲಿದೆ ಎಂದು ಅವರು ತೋರಿಸಿದ್ದರು.

ಅಹ್ಮದ್ 1983ರಲ್ಲಿ ತಾವು ಓದಿದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯಕ್ಕೇ ಮರಳಿದರು. 2001ರವರೆಗೆ ಅಲ್ಲಿ ವಿಭಾಗದ ಮುಖ್ಯಸ್ಥರಾಗಿ, ಡೀನ್ ಆಗಿ ಕೆಲಸ ಮಾಡಿದರು. ಕೋವಿಡ್ ಕಾಲದಲ್ಲಿ ಕುಟುಂಬಗಳು ವಿಡಿಯೊ ಕಾಲ್ ಮೂಲಕವೇ ಮುಖ ನೋಡಿಕೊಳ್ಳುತ್ತಿದ್ದಾಗ, ‘ದಿಸ್ ಈಸ್ ಅಸ್’ ಎಂಬ ಅಮೆರಿಕದ ಧಾರಾವಾಹಿ ಒಂದು ಕಂತಿನಲ್ಲಿ ಅವರ ಮತ್ತು ಅವರ ಪತ್ನಿಯ ಕಥೆ ತೋರಿಸಿತು. ಅವರ ಹೆಸರು ಸಾಮಾನ್ಯ ಜನರಿಗೆ ಹೆಚ್ಚಾಗಿ ತಿಳಿದದ್ದು ಆಗಲೇ.

ಗಜೇಂದ್ರಗಡದ ಗುಡ್ಡದ ಫೋಟೋ ತೆಗೆದರೆ ಏನಾಗುತ್ತದೆ?

ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ಫೋಟೋ ತೆಗೆದಿರಿ ಎಂದುಕೊಳ್ಳಿ. ಮೇಲೆ ಬಯಲು ಆಕಾಶ, ನಡುವೆ ತೆಳ್ಳಗಿನ ಬಿಳಿ ಕಂಬ ಮತ್ತು ರೆಕ್ಕೆ, ಕೆಳಗೆ ಕಲ್ಲು, ಹುಲ್ಲು. ಜೆಪೆಗ್ ಈ ಫೋಟೋವನ್ನು ಉದ್ದಕ್ಕೂ ಅಡ್ಡಕ್ಕೂ ಎಂಟೆಂಟು ಚುಕ್ಕೆಗಳ ಚಿಕ್ಕ ಚೌಕಗಳಾಗಿ ಕತ್ತರಿಸುತ್ತದೆ. ಒಂದು ಚೌಕದಲ್ಲಿ 64 ಚುಕ್ಕೆ.

ಈ ಚೌಕವನ್ನು ಬಿಡಿಸಲು ಡಿಸಿಟಿ ಬಳಿ 64 ಸಿದ್ಧ ವಿನ್ಯಾಸಗಳಿವೆ. ಒಂದು ಪೂರ್ತಿ ಒಂದೇ ಬಣ್ಣ. ಕೆಲವು ಅಡ್ಡಪಟ್ಟೆ, ಕೆಲವು ಉದ್ದಪಟ್ಟೆ, ಉಳಿದವು ಚೌಕಳಿ. ಗಜೇಂದ್ರಗಡದ ಮಗ್ಗದಲ್ಲಿ ನೇಯುವ ಚೌಕಳಿ ಸೀರೆಯ ತುಂಡುಗಳನ್ನು ದಪ್ಪ ಚೌಕಳಿಯಿಂದ ಸಣ್ಣ ಚೌಕಳಿಯವರೆಗೆ ಸಾಲಾಗಿ ಜೋಡಿಸಿದಂತೆ. ಯಾವ ವಿನ್ಯಾಸ ಎಷ್ಟು ಬೆರೆಸಿದರೆ ಈ ಚೌಕ ಮತ್ತೆ ಮೂಡುತ್ತದೆ ಎಂಬ 64 ಸಂಖ್ಯೆಗಳನ್ನು ಡಿಸಿಟಿ ಕೊಡುತ್ತದೆ.

ಸುಲಭವಾಗಲೆಂದು ಒಂದೇ ಸಾಲಿನ ಎಂಟು ಚುಕ್ಕೆಗಳನ್ನು ನೋಡೋಣ. ಆಕಾಶದ ಬೆಳಕು ನಿಧಾನವಾಗಿ ಕಡಿಮೆಯಾಗುತ್ತಿದೆ:

114, 112, 110, 108, 106, 104, 102, 100

ಇದಕ್ಕೆ ಡಿಸಿಟಿ ಹಾಕಿದರೆ ಬರುವುದು:

302.6, 12.9, 0, 1.3, 0, 0.4, 0, 0.1

ಎಂಟೂ ಸಂಖ್ಯೆ ಮುಖ್ಯವಾಗಿದ್ದ ಕಡೆ ಈಗ ಮೊದಲಿನ ಎರಡೇ ದೊಡ್ಡವು. ಉಳಿದ ಆರನ್ನು ಅಳಿಸಿ, ಎರಡರಿಂದಲೇ ಹಿಂದಕ್ಕೆ ಲೆಕ್ಕ ಹಾಕಿದರೆ 113, 112, 111, 108, 106, 103, 102, 101 ಸಿಗುತ್ತದೆ. ಹೆಚ್ಚೆಂದರೆ ಒಂದರ ವ್ಯತ್ಯಾಸ. ಕಣ್ಣಿಗೆ ಇದು ಗೊತ್ತಾಗುವುದೇ ಇಲ್ಲ. ಫೋಟೋ ಚಿಕ್ಕದಾಗುವುದರ ಗುಟ್ಟು ಇದೇ.

ಈಗ ಕಂಬ ಇರುವ ಜಾಗ ನೋಡಿ. ಹೊಳೆಯುವ ಆಕಾಶದ ಎದುರು ನೆರಳಿನಲ್ಲಿರುವ ಕಪ್ಪು ಕಂಬ:

200, 200, 200, 30, 30, 200, 200, 200

ಇದರ ಡಿಸಿಟಿಯಲ್ಲಿ ನಾಲ್ಕು ದೊಡ್ಡ ಸಂಖ್ಯೆಗಳು ಬರುತ್ತವೆ: ಸುಮಾರು 445, 157, –120, 65. ಬಿಡಬಹುದಾದ ಚಿಲ್ಲರೆ ಇಲ್ಲಿ ಇಲ್ಲ. ಆದರೂ ಫೈಲ್ ಇನ್ನೂ ಚಿಕ್ಕದಾಗಬೇಕೆಂದು ಕೊನೆಯ 65 ಅನ್ನು ಅಳಿಸಿದರೆ, ಎಡಗಡೆಯ 200, 200, 200, 30 ಎಂಬುದು 188, 230, 170, 42 ಆಗುತ್ತದೆ. ಬಲಗಡೆಯೂ ಹಾಗೆಯೇ. ಸಮತಟ್ಟಾಗಿದ್ದ ಆಕಾಶದಲ್ಲಿ ಕಂಬದ ಪಕ್ಕ ಇಲ್ಲದ ಗೆರೆಗಳು ಎದ್ದವು. ಫಾರ್ವರ್ಡ್ ಆದ ಫೋಟೋಗಳಲ್ಲಿ ಅಕ್ಷರಗಳ ಸುತ್ತ ಕಾಣುವ ಕೊಳೆಯಂಥ ಕಲೆ ಇದೇ.

ಇಲ್ಲಿ ಎರಡು ವಿಷಯ ನೆನಪಿಡಿ. ಡಿಸಿಟಿ ತಾನಾಗಿ ಏನನ್ನೂ ಕಳೆಯುವುದಿಲ್ಲ, ಬಿಡಿಸಿ ಇಡುತ್ತದೆ ಅಷ್ಟೇ. ಎಷ್ಟು ಅಳಿಸಬೇಕೆಂದು ತೀರ್ಮಾನಿಸುವುದು ಫೋಟೋ ಉಳಿಸುವ ಅಥವಾ ಕಳಿಸುವ ಆ್ಯಪ್. ಎರಡನೆಯದಾಗಿ, ಈ ವ್ಯವಸ್ಥೆಯನ್ನು ಹೊಂದಿಸಿರುವುದು ಮುಖ, ಮರ, ಆಕಾಶದಂಥ ದೃಶ್ಯಗಳಿಗೆ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರ ಎಂದರೆ ಬರೀ ಅಂಚುಗಳೇ. ಅದರಲ್ಲೂ ಕನ್ನಡದ ಒತ್ತಕ್ಷರ, ಅಂಕಿಗಳ ನಡುವಿನ ಚುಕ್ಕೆ ಮೊದಲು ಪೆಟ್ಟು ತಿನ್ನುತ್ತವೆ.

ಎರೆಹೊಲದ ಬಿರುಕು ಮತ್ತು ಒಬ್ಬ ಸ್ಪರ್ಧಿ

ಡಿಸಿಟಿಗೆ ಎದುರಾಳಿ ಇರಲಿಲ್ಲವೇ? ಇತ್ತು, ಅದೂ ಗಣಿತದ್ದೇ. ಹೆಸರು ಫ್ರ್ಯಾಕ್ಟಲ್ ಜ್ಯಾಮಿತಿ.

ಬೇಸಿಗೆಯಲ್ಲಿ ನರಗುಂದದ ಎರೆಹೊಲಕ್ಕೆ ಹೋದರೆ ನೆಲ ಬಿರಿದಿರುತ್ತದೆ. ದೊಡ್ಡ ಬಿರುಕಿನಿಂದ ಸಣ್ಣ ಬಿರುಕು, ಅದರಿಂದ ಇನ್ನೂ ಸಣ್ಣದು ಕವಲೊಡೆದಿರುತ್ತದೆ. ಪಕ್ಕದಲ್ಲಿ ಕೋಲೋ ಚಪ್ಪಲಿಯೋ ಇಡದೆ ಫೋಟೋ ತೆಗೆದರೆ, ನೋಡಿದವರಿಗೆ ಅದು ಒಂದು ಅಡಿಯ ಜಾಗವೋ ಹತ್ತು ಅಡಿಯದೋ ಹೇಳುವುದು ಕಷ್ಟ. ಹೀಗೆ ತುಣುಕಿನಲ್ಲಿಯೂ ಇಡಿಯಂತೆಯೇ ಕಾಣುವ ಆಕಾರಗಳಿಗೆ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1975ರಲ್ಲಿ ಫ್ರ್ಯಾಕ್ಟಲ್ ಎಂದು ಹೆಸರಿಟ್ಟರು. ಹೂಕೋಸು, ಮರದ ಕೊಂಬೆ, ನದಿಯ ಕವಲು ಇದಕ್ಕೆ ಹತ್ತಿರದ ಉದಾಹರಣೆಗಳು.

ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಗಣಿತಜ್ಞ ಮೈಕೆಲ್ ಬಾರ್ನ್ಸ್‌ಲಿ ಕೇವಲ ನಾಲ್ಕು ಸರಳ ನಿಯಮಗಳನ್ನು ಮತ್ತೆ ಮತ್ತೆ ಬಳಸಿ ಒಂದು ಜರೀಗಿಡದ ಎಲೆಯ ಚಿತ್ರ ಮೂಡಿಸಿ ತೋರಿಸಿದರು. ಹಾಗಾದರೆ ಎಲ್ಲ ಫೋಟೋಗಳನ್ನೂ ಇಂಥ ನಿಯಮಗಳಾಗಿ ಬರೆದಿಟ್ಟರೆ? ಫೋಟೋದ ಈ ಮೂಲೆ ಆ ಮೂಲೆಯ ಕುಗ್ಗಿಸಿದ ರೂಪ ಎಂದಷ್ಟೇ ಬರೆದರೆ ಸಾಕಲ್ಲ? ಇದಕ್ಕಾಗಿ ಅವರು 1987ರಲ್ಲಿ ಕಂಪನಿಯನ್ನೂ ಆರಂಭಿಸಿದರು. ಮೈಕ್ರೋಸಾಫ್ಟ್‌ನ ಎನ್ಕಾರ್ಟಾ ವಿಶ್ವಕೋಶದ ಸಿ.ಡಿ.ಯಲ್ಲಿ ಈ ತಂತ್ರ ಬಳಕೆಯಾಯಿತು.

ಆದರೂ ಅದು ಗೆಲ್ಲಲಿಲ್ಲ. ಫ್ರ್ಯಾಕ್ಟಲ್ ವಿಧಾನದಲ್ಲಿ ಚಿತ್ರ ಬಿಚ್ಚುವುದು ಬೇಗ, ಕಟ್ಟುವುದು ಬಹಳ ನಿಧಾನ. ಯಾವ ತುಣುಕು ಯಾವುದನ್ನು ಹೋಲುತ್ತದೆ ಎಂದು ಇಡೀ ಚಿತ್ರ ಜಾಲಾಡಬೇಕು. ಒಂದು ಸಲ ಕಟ್ಟಿ ಸಾವಿರಾರು ಸಿ.ಡಿ. ಮಾರುವವರಿಗೆ ಇದು ಸರಿ. ಕ್ಲಿಕ್ ಮಾಡಿದ ಕ್ಷಣವೇ ಕಳಿಸಬೇಕಾದ ನಮಗೆ ಆಗದು. ಜೊತೆಗೆ ಎಲ್ಲ ಫೋಟೋಗಳೂ ಎರೆಹೊಲದ ಬಿರುಕಿನಂತೆ ಇರುವುದಿಲ್ಲ. ನಿಮ್ಮ ಮುಖದ ಒಂದು ತುಣುಕಿನೊಳಗೆ ಇನ್ನೊಂದು ಪುಟ್ಟ ಮುಖವಿಲ್ಲ!

ಅತ್ತ 1986ರಲ್ಲಿ ರೂಪುಗೊಂಡ ಜೆಪೆಗ್ ಎಂಬ ತಜ್ಞರ ಗುಂಪು ಡಿಸಿಟಿಯನ್ನು ಆಯ್ದುಕೊಂಡಿತು. 1992ರಲ್ಲಿ ಮಾನದಂಡ ಪ್ರಕಟವಾಯಿತು. ‘ತೀರಾ ಸರಳ’ ಎಂಬುದೇ ಕೊನೆಗೆ ಡಿಸಿಟಿಯ ಬಲವಾಯಿತು. ಸರಳವಾದ್ದರಿಂದಲೇ ಅಗ್ಗದ ಫೋನಿನ ಚಿಪ್ ಕೂಡ ಕಣ್ಣು ಮಿಟುಕಿಸುವಷ್ಟರಲ್ಲಿ ಆ ಲೆಕ್ಕ ಮುಗಿಸುತ್ತದೆ. ವಿಡಿಯೊಗಳ ಹಲವು ಮಾನದಂಡಗಳಲ್ಲೂ ಇದೇ ಗಣಿತ ಅಥವಾ ಇದರ ಹತ್ತಿರದ ರೂಪಗಳಿವೆ. ಎಂಪಿ3 ಹಾಡುಗಳಲ್ಲಿ ಇದರ ಮಾರ್ಪಡಿಸಿದ ರೂಪವಿದೆ. ರೋಣದಲ್ಲಿ ಹುಟ್ಟಿದವರ ಹಾಡು ಇಂದು ನಿಮ್ಮ ಫೋನಿಗೆ ಬರುವುದು ಬೆಂಗಳೂರಿನಲ್ಲಿ ಹುಟ್ಟಿದವರ ಗಣಿತದ ಮೇಲೆ ಸವಾರಿ ಮಾಡಿ.

ಈಗ ಆ ಮೂರು ಮಾತುಗಳಿಗೆ ಬರೋಣ

ಮಾತು 1: ಜೆಪೆಗ್ ಕಂಡುಹಿಡಿದವರು ಬೆಂಗಳೂರಿನವರು.

ಅರ್ಧ ನಿಜ. ಜೆಪೆಗ್‌ನ ಹೃದಯಭಾಗದಲ್ಲಿರುವ ಡಿಸಿಟಿಯ ಮೂಲ ಯೋಚನೆ ನಾಸಿರ್ ಅಹ್ಮದ್ ಅವರದ್ದು, ಅದನ್ನು ಬೆಳೆಸಿದವರು ಅಹ್ಮದ್, ನಟರಾಜನ್ ಮತ್ತು ರಾವ್. ಆದರೆ ಜೆಪೆಗ್ ಎಂಬ ಮಾನದಂಡ ಹಲವು ದೇಶಗಳ ತಜ್ಞರ ಸಮಿತಿಯ ಕೆಲಸ. ಅದರಲ್ಲಿ ಬಣ್ಣ ಬೇರ್ಪಡಿಸುವುದು, ಸಂಖ್ಯೆಗಳನ್ನು ಸುತ್ತುಗಟ್ಟುವುದು, ಕೊನೆಗೆ ಒತ್ತೊತ್ತಾಗಿ ಬರೆದಿಡುವುದು ಎಂಬ ಬೇರೆ ಹಂತಗಳೂ ಇವೆ. ಶೇರ್ ಮಾಡುವುದಾದರೆ “ಜೆಪೆಗ್‌ನ ಬೆನ್ನೆಲುಬಾದ ಗಣಿತ ಕೊಟ್ಟವರಲ್ಲಿ ಮೊದಲಿಗರು ಬೆಂಗಳೂರಿನಲ್ಲಿ ಹುಟ್ಟಿದವರು” ಎಂದು ಬರೆಯಿರಿ. ಅಷ್ಟೇ ಸಾಕಷ್ಟು ದೊಡ್ಡ ವಿಷಯ.

ಮಾತು 2: ಫಾರ್ವರ್ಡ್ ಮಾಡಿದಷ್ಟೂ ಮಸುಕಾಗುತ್ತದೆ.

ಪೂರ್ತಿ ಸರಿಯಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಮೊದಲ ಬಾರಿ ಫೋಟೋ ಕಳಿಸುವಾಗ ಅದು ಕುಗ್ಗುತ್ತದೆ. ಆಮೇಲೆ ಫಾರ್ವರ್ಡ್ ಬಟನ್ ಒತ್ತಿದಾಗ ಸಾಮಾನ್ಯವಾಗಿ ಅದೇ ಫೈಲ್ ಮುಂದಕ್ಕೆ ಹೋಗುತ್ತದೆ. ಮಸುಕು ಹೆಚ್ಚುವುದು ಸ್ಕ್ರೀನ್‌ಶಾಟ್ ತೆಗೆದಾಗ, ಕ್ರಾಪ್ ಮಾಡಿ ಮತ್ತೆ ಕಳಿಸಿದಾಗ, ಸ್ಟೇಟಸ್‌ನಿಂದ ಉಳಿಸಿಕೊಂಡು ಇನ್ನೊಂದು ಆ್ಯಪ್‌ಗೆ ಹಾಕಿದಾಗ. ಪ್ರತಿ ಸಲವೂ ಹೊಸದಾಗಿ ಚೌಕಗಳಾಗಿ ಕತ್ತರಿಸಿ, ಹೊಸದಾಗಿ ಅಳಿಸಲಾಗುತ್ತದೆ. ಜೆರಾಕ್ಸ್‌ನ ಜೆರಾಕ್ಸ್ ಮಾಡಿಸಿದ ಹಾಗೆ. ಹಾಗಾಗಿ ಕಲೆಗಟ್ಟಿದ, ಬಣ್ಣಗೆಟ್ಟ ಫೋಟೋ ಎಂದರೆ ಬಹಳ ಕೈ ದಾಟಿ ಬಂದಿರಬಹುದು ಎಂದಷ್ಟೇ ಅರ್ಥ. ಅದು ಹಳೆಯದು ಎನ್ನುವುದಕ್ಕಾಗಲಿ, ನಿಜ ಎನ್ನುವುದಕ್ಕಾಗಲಿ ಪುರಾವೆಯಲ್ಲ. ಸುಳ್ಳು ಆದೇಶಪತ್ರ ಹರಡುವವರಿಗೆ ಈ ಮಸುಕು ಅನುಕೂಲ. ಅಂಟಿಸಿದ ಮೊಹರು, ಬದಲಿಸಿದ ದಿನಾಂಕದ ಗುರುತುಗಳು ಅದರಲ್ಲಿ ಮುಚ್ಚಿಹೋಗುತ್ತವೆ.

ಮಾತು 3: ಎಐ ಆ್ಯಪ್ ಮಸುಕಿನ ಹಿಂದಿರುವ ನಿಜವಾದ ಅಕ್ಷರ ತೋರಿಸುತ್ತದೆ.

ತಪ್ಪು. ಮೇಲಿನ ಲೆಕ್ಕ ಮತ್ತೆ ನೋಡಿ. ಅಳಿಸಿದ ಆ 65 ಫೈಲಿನಲ್ಲಿ ಎಲ್ಲಿಯೂ ಅಡಗಿ ಕುಳಿತಿಲ್ಲ, ಹೋಗಿಯೇ ಬಿಟ್ಟಿದೆ. ಎಐ ಆ್ಯಪ್ ತಾನು ಕಲಿತ ಲಕ್ಷಾಂತರ ಚಿತ್ರಗಳ ಆಧಾರದಲ್ಲಿ ಇಲ್ಲಿ ಏನಿದ್ದಿರಬಹುದು ಎಂದು ಊಹಿಸಿ ಬರೆಯುತ್ತದೆ. ಅಜ್ಜನ ಹಳೆಯ ಫೋಟೋ ಚಂದ ಮಾಡಲು ಇದು ಸರಿ. ಆದರೆ ಅದು ಬಿಡಿಸಿದ ಮುಖ ನೋಡಿ “ಇವನೇ ಕಳ್ಳ” ಎಂದು ಗುಂಪಿನಲ್ಲಿ ಹಾಕಿದರೆ, ಯಂತ್ರದ ಊಹೆಗೆ ಒಬ್ಬ ನಿರಪರಾಧಿ ಬೆಲೆ ತೆರಬೇಕಾದೀತು.

ದಾಖಲೆ ಕಳಿಸುವಾಗ ಇದು ಏಕೆ ಮುಖ್ಯ?

ಪಹಣಿಯ ಸರ್ವೆ ನಂಬರ್ 138 ಎಂಬುದು 188ರಂತೆ ಕಾಣಬಹುದು. ಪಾಸ್‌ಬುಕ್‌ನ ಖಾತೆ ಸಂಖ್ಯೆಯಲ್ಲಿ 6 ಮತ್ತು 8 ಅದಲುಬದಲಾಗಬಹುದು. ಇವಕ್ಕಿಂತ ಗಂಭೀರವಾದದ್ದು ವೈದ್ಯರ ಚೀಟಿ: 0.5 ಎಂದು ಬರೆದ ಮಾತ್ರೆಯ ಪ್ರಮಾಣದಲ್ಲಿ ನಡುವಿನ ಚುಕ್ಕೆ ಎರಡೇ ಪಿಕ್ಸೆಲ್‌ನದಾಗಿದ್ದರೆ, ಅದು ಅಳಿಸಿಹೋಗಿ 05 ಎಂದು ಉಳಿಯುವ ಸಾಧ್ಯತೆಯಿದೆ. ಅರ್ಧಕ್ಕೂ ಐದಕ್ಕೂ ಹತ್ತು ಪಟ್ಟು ಅಂತರ.

ಹಾಗಾಗಿ ಈ ಕೆಲವು ಅಭ್ಯಾಸ ಇಟ್ಟುಕೊಳ್ಳಿ:

• ಪಹಣಿ, ಪಾಸ್‌ಬುಕ್, ಲ್ಯಾಬ್ ವರದಿ, ಔಷಧ ಚೀಟಿಯನ್ನು ಫೋಟೋ ಆಗಿ ಕಳಿಸುವ ಬದಲು ಅಟ್ಯಾಚ್ ಗುರುತು ಒತ್ತಿ ‘ಡಾಕ್ಯುಮೆಂಟ್’ ಆಯ್ದು ಕಳಿಸಿ. ಹಾಗೆ ಮಾಡಿದರೆ ಫೈಲ್ ಇದ್ದಂತೆಯೇ ತಲುಪುತ್ತದೆ.

• ಫೋಟೋ ಆಗಿಯೇ ಕಳಿಸಬೇಕಾದರೆ ‘ಎಚ್‌ಡಿ’ ಆಯ್ಕೆ ಬಳಸಿ. 2023ರಿಂದ ವಾಟ್ಸ್‌ಆ್ಯಪ್‌ನಲ್ಲಿ ಇದಿದೆ. ಇದರಲ್ಲೂ ಕುಗ್ಗುತ್ತದೆ, ಆದರೆ ಕಡಿಮೆ.

• ಮುಖ್ಯವಾದ ಸಂಖ್ಯೆಗಳನ್ನು ಫೋಟೋ ಜೊತೆಗೆ ಟೈಪ್ ಮಾಡಿಯೂ ಕಳಿಸಿ. ಔಷಧದ ಪ್ರಮಾಣ ಸ್ಪಷ್ಟವಿಲ್ಲದಿದ್ದರೆ ಊಹಿಸಬೇಡಿ, ಬರೆದ ವೈದ್ಯರಿಗೇ ಕರೆ ಮಾಡಿ ಕೇಳಿ.

• ಸ್ಕ್ರೀನ್‌ಶಾಟ್‌ನ ಸ್ಕ್ರೀನ್‌ಶಾಟ್ ಕಳಿಸಬೇಡಿ. ಮೂಲ ಇದ್ದವರಿಂದ ಮತ್ತೊಮ್ಮೆ ತರಿಸಿಕೊಳ್ಳಿ.

• ರಜೆ, ಪರಿಹಾರಧನ, ನೇಮಕಾತಿಯ ಮಸುಕಾದ ಆದೇಶ ಬಂದರೆ ಜೂಮ್ ಮಾಡಿ ಓದಲು ಹೆಣಗಬೇಡಿ. ಸಂಬಂಧಿಸಿದ ಇಲಾಖೆಯ ಜಾಲತಾಣದಲ್ಲೋ ಕಚೇರಿಯಲ್ಲೋ ಮೂಲ ಪ್ರತಿ ನೋಡಿ. ಸಿಗದಿದ್ದರೆ ಫಾರ್ವರ್ಡ್ ಮಾಡಬೇಡಿ.

• ಆಧಾರ್, ಪಾಸ್‌ಬುಕ್‌ಗಳನ್ನು ಎಷ್ಟೇ ಸ್ಪಷ್ಟವಾಗಿದ್ದರೂ ಗುಂಪುಗಳಿಗೆ ಹಾಕಬೇಡಿ.

ಒಟ್ಟಿನಲ್ಲಿ

ನಿಮ್ಮ ಫೋನಿಗೆ ಬರುವ ಫೋಟೋ ಮೂಲ ದೃಶ್ಯದ ಪೂರ್ತಿ ನಕಲಲ್ಲ. ಕಣ್ಣಿಗೆ ಗೊತ್ತಾಗದ್ದನ್ನು ಬಿಟ್ಟು, ಬೇಕಾದ್ದನ್ನಷ್ಟೇ ಉಳಿಸಿಕೊಂಡ ಒಂದು ಲೆಕ್ಕ. ಆ ಲೆಕ್ಕ ಇಲ್ಲದಿದ್ದರೆ ದೂರದೂರಿನಲ್ಲಿ ದುಡಿಯುವ ಮಗ ಗಜೇಂದ್ರಗಡದಲ್ಲಿರುವ ಅವ್ವನಿಗೆ ಮೊಮ್ಮಗುವಿನ ಮುಖ ತೋರಿಸುವುದು ಇಷ್ಟು ಸುಲಭವಾಗುತ್ತಿರಲಿಲ್ಲ. ಅನುದಾನ ಸಿಗದಿದ್ದರೂ ಆ ಕೆಲಸ ಮುಗಿಸಿದ ನಾಸಿರ್ ಅಹ್ಮದ್ ಮತ್ತು ಅವರ ಜೊತೆಗಾರರಿಗೆ ಇದರ ಶ್ರೇಯ ಸಲ್ಲಬೇಕು.

ಆದರೆ ಅದೇ ಲೆಕ್ಕ ಒಂದು ಚುಕ್ಕೆಯನ್ನು ಬೇಡವೆಂದು ಬಿಟ್ಟಿರಲೂಬಹುದು. ಮುಖಕ್ಕೆ ಆ ಚುಕ್ಕೆ ಇಲ್ಲದಿದ್ದರೂ ನಡೆಯುತ್ತದೆ, ಔಷಧದ ಚೀಟಿಗೆ ನಡೆಯುವುದಿಲ್ಲ.